ಕಾರಿನ ಮೈಗೆ ಅಡ್ಡಪಟ್ಟಿ: ಹಾಕಿಸಬೇಕೆ, ಬೇಡವೆ?

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬನಶಂಕರಿ ದೇವಸ್ಥಾನದ ಮುಂದಿನ ರಸ್ತೆಯನ್ನು ನೋಡಬೇಕು. ವಾರವಿಡೀ ಬಸ್ಸು, ಆಟೊ, ಸ್ಕೂಟರುಗಳ ನಡುವೆ ತೆವಳಿದ ಕಾರುಗಳು ಆ ಹೊತ್ತಿನಲ್ಲಿ ಮಾತ್ರ ಮೈ ಸಡಿಲಿಸಿಕೊಂಡು ಕನಕಪುರದ ಕಡೆಗೆ ಹೊರಡುತ್ತವೆ. ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟಿನ ಕಾರುಪ್ರಿಯ ಯುವಕರಿಗೆ ಇದೊಂದು ವಾರದ ವ್ರತವಿದ್ದಂತೆ. ಇದೇ ರಸ್ತೆ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರಗಳನ್ನು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಕೊಯಮತ್ತೂರು ಸೇರುತ್ತದೆ. ಘಾಟಿಯವರೆಗೆ ಹೋಗುವವರು ಕೆಲವರೇ. ಆದರೆ ಘಾಟಿಯ ತಿರುವುಗಳಲ್ಲಿ ತನ್ನ ಕಾರು ಹೇಗೆ ಓಡೀತು ಎಂಬ ಯೋಚನೆ ಮಾತ್ರ ಎಲ್ಲರಿಗೂ ಉಂಟು.

ಇಂಥವರ ಅಚ್ಚುಮೆಚ್ಚಿನ ಕಾರುಗಳಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಒಂದು. 2013ರಲ್ಲಿ ಭಾರತಕ್ಕೆ ಬಂದ ಈ ಪುಟ್ಟ ಕಾರಿನಲ್ಲಿ 1.2 ಲೀಟರಿನ ಟರ್ಬೊ ಎಂಜಿನ್ 105 ಅಶ್ವಶಕ್ತಿ ಕೊಡುತ್ತಿತ್ತು. 2022ರಲ್ಲಿ ಪೋಲೋ ತಯಾರಿಕೆ ಇಲ್ಲಿ ನಿಂತಿತು. ಹೊಸದು ಸಿಗದ ಮೇಲೆ ಇದ್ದುದನ್ನೇ ಜೋಪಾನ ಮಾಡುವ, ಸಿಂಗರಿಸುವ, ಬಲಪಡಿಸುವ ಹುರುಪು ಹೆಚ್ಚಿತು. ಮೊದಲು ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಪಾಠ, ಆಮೇಲೆ ಅಗಲದ ಟೈರು, ಆಮೇಲೆ ಗಿಡ್ಡ ಸ್ಪ್ರಿಂಗು. ಇವೆಲ್ಲ ಮುಗಿದ ಮೇಲೆ ಎದುರಾಗುವ ಪ್ರಶ್ನೆಯೇ ಇಂದಿನ ವಿಷಯ. ಕಾರಿನ ಮೈ ಬಳುಕದಂತೆ ಬಾನೆಟ್ಟಿನ ಕೆಳಗೂ ಹೊಟ್ಟೆಯ ಕೆಳಗೂ ಲೋಹದ ಅಡ್ಡಪಟ್ಟಿಗಳನ್ನು ಬಿಗಿಸಬೇಕೆ? ಅಂಗಡಿಯವರು ಇವನ್ನು ಸ್ಟ್ರಟ್ ಬಾರ್, ಲೋಯರ್ ಬ್ರೇಸ್ ಎಂದು ಕರೆಯುತ್ತಾರೆ.

"ಚೆನ್ನಾಗಿ ಓಡ್ತಿರೋ ಕಾರಿಗೆ ಯಾಕೋ ಕಬ್ಬಿಣ?" ಎಂದು ಅಪ್ಪ ಕೇಳುತ್ತಾರೆ. "ಹಾಗಲ್ಲಪ್ಪ, ತಿರುವಿನಲ್ಲಿ ಬಾಡಿ ಬಳುಕತ್ತೆ" ಎನ್ನುತ್ತಾನೆ ಮಗ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಕಾರಿನ ಮೈ ಎಂದರೇನು ಎಂಬಲ್ಲಿಂದ ಶುರುಮಾಡಬೇಕು.

ಬೆಂಕಿಪೊಟ್ಟಣದ ಪಾಠ

ಅಡುಗೆಮನೆಯಿಂದ ಒಂದು ಬೆಂಕಿಪೊಟ್ಟಣ ತನ್ನಿ. ಕಡ್ಡಿಗಳಿರುವ ಒಳಗಿನ ತಟ್ಟೆಯನ್ನು ಪೂರ್ತಿ ಹೊರಗೆಳೆಯಿರಿ. ಉಳಿದ ಹೊರಕವಚವನ್ನು ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಒತ್ತಿದರೆ ಅದು ಓರೆಯಾಗಿ ಮಲಗಿಬಿಡುತ್ತದೆ. ಈಗ ತಟ್ಟೆಯನ್ನು ಮತ್ತೆ ತಳ್ಳಿ ಒತ್ತಿ ನೋಡಿ. ಅದೇ ಕಾಗದ, ಅದೇ ಅಂಟು. ಆದರೆ ಪೊಟ್ಟಣ ಅಲುಗುವುದಿಲ್ಲ. ಗಟ್ಟಿತನ ಇರುವುದು ಕಾಗದದ ದಪ್ಪದಲ್ಲಲ್ಲ, ಪೆಟ್ಟಿಗೆ ಎಷ್ಟು ಕಡೆಯಿಂದ ಮುಚ್ಚಿದೆ ಎಂಬುದರಲ್ಲಿ.

ಇಂದಿನ ಕಾರು ಇಂಥದೇ ತಗಡಿನ ಪೆಟ್ಟಿಗೆ. ಲಾರಿಗೆ ಅಥವಾ ಮಾರುತಿ ಜಿಪ್ಸಿಗೆ ಕೆಳಗೆ ಏಣಿಯಂಥ ಪ್ರತ್ಯೇಕ ಚಾಸಿ ಇರುತ್ತದೆ. ಮೈಯನ್ನು ಅದರ ಮೇಲೆ ಕೂಡಿಸಿರುತ್ತಾರೆ. ಕಾರುಗಳಲ್ಲಿ ಹಾಗಲ್ಲ. 1922ರಲ್ಲಿ ಇಟಲಿಯ ಲ್ಯಾನ್ಸಿಯಾ ಲ್ಯಾಂಬ್ಡಾ ತೋರಿಸಿಕೊಟ್ಟ ದಾರಿಯಲ್ಲಿ, ಮೈಯೇ ಚಾಸಿಯ ಕೆಲಸವನ್ನೂ ಮಾಡುವ ಪದ್ಧತಿ ಬಂದಿತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೂ ಇದೇ ಜಾತಿಯವು. ತಗಡುಗಳನ್ನು ಮಡಿಸಿ, ಕೊಳವೆಯಾಕಾರ ಕೊಟ್ಟು, ಸಾವಿರಾರು ಸ್ಪಾಟ್ ವೆಲ್ಡ್ ಚುಕ್ಕೆಗಳಿಂದ ಬೆಸೆದರೆ ಕಾರಿನ ಮೈ ಸಿದ್ಧ. ಅಂಟಿನಿಂದ ಕೂಡಿಸಿದ ಮುಂಗಾಜು ಕೂಡ ಈ ಪೆಟ್ಟಿಗೆಯ ಒಂದು ಗೋಡೆಯೇ. ಕಲ್ಲು ಬಡಿದು ಒಡೆದ ಗಾಜನ್ನು ಕಳಪೆ ಅಂಟಿನಲ್ಲಿ ಕೂಡಿಸಿದ ಕಾರು ತನ್ನ ಗಟ್ಟಿತನದಲ್ಲಿ ಒಂದಿಷ್ಟನ್ನು ಕಳೆದುಕೊಂಡಿರುತ್ತದೆ. ಮಾಲೀಕ ಮಾತ್ರ ಅದಕ್ಕೆ ಔಷಧಿಯನ್ನು ಬಾನೆಟ್ಟಿನ ಕೆಳಗೆ ಹುಡುಕುತ್ತಿರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಪೆಟ್ಟಿಗೆಯಲ್ಲಿ ತೂತು ದೊಡ್ಡದಾದಷ್ಟೂ ಮೈ ಬಳುಕುತ್ತದೆ. ಡಿಕ್ಕಿ ಬೇರೆಯಾಗಿದ್ದು ಹಿಂದಿನ ಸೀಟಿನ ಬೆನ್ನಿಗೆ ಭದ್ರವಾದ ತಗಡಿನ ಗೋಡೆಯಿರುವ ಸೆಡಾನ್ ಕಾರಿಗೆ ಸಹಜವಾಗಿಯೇ ಅನುಕೂಲ. ಹಿಂದಿನ ಇಡೀ ಬಾಗಿಲು ಮೇಲೇಳುವ, ಸೀಟು ಮಡಚುವ ಹ್ಯಾಚ್‌ಬ್ಯಾಕಿಗೆ ಆ ಗೋಡೆ ಇಲ್ಲ. ಛಾವಣಿಯೇ ಇಲ್ಲದ ತೆರೆದ ಕಾರಿಗಂತೂ ಕಷ್ಟವೇ. ಆದ್ದರಿಂದಲೇ ತೆರೆದ ಕಾರುಗಳ ತಳಕ್ಕೆ ಕಂಪನಿಗಳೇ ಹೆಚ್ಚಿನ ಪಟ್ಟಿಗಳನ್ನು ಕೂಡಿಸಿ ಕಳಿಸುತ್ತವೆ. ಅಡ್ಡಪಟ್ಟಿ ಎಂಬುದು ಬೂಟಾಟಿಕೆಯಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಪ್ರಶ್ನೆ ಇರುವುದು ನಿಮ್ಮ ಕಾರಿಗೆ ಅದು ಬೇಕೆ ಎಂಬುದರಲ್ಲಿ.

ಎರಡು ಬುರುಜುಗಳ ನಡುವೆ

ಬಾನೆಟ್ ಎತ್ತಿದರೆ ಎಡಕ್ಕೊಂದು ಬಲಕ್ಕೊಂದು, ಕೋಟೆಯ ಬುರುಜಿನಂಥ ಎರಡು ಗುಬುಟುಗಳು ಕಾಣುತ್ತವೆ. ಮುಂದಿನ ಶಾಕ್ ಅಬ್ಸಾರ್ಬರುಗಳ ತಲೆ ಬಂದು ನಿಲ್ಲುವ ಜಾಗ ಅದು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಏರ್ಪಾಡು 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಫೋರ್ಡ್ ಕಾರುಗಳಲ್ಲಿ ಬಳಕೆಗೆ ಬಂದಿತು. ಇಂದು ನಮ್ಮ ಹ್ಯಾಚ್‌ಬ್ಯಾಕುಗಳ ಮುಂಭಾಗದಲ್ಲೆಲ್ಲ ಹೆಚ್ಚುಕಡಿಮೆ ಇದೇ. ಕಾರು ತಿರುಗುವಾಗ ಚಕ್ರದ ಎಳೆತದ ಒಂದು ಪಾಲು ಈ ಬುರುಜುಗಳಿಗೆ ಬೀಳುತ್ತದೆ. ಹೊರಸುತ್ತಿನ ಚಕ್ರದ ಮೇಲೆ ಹೆಚ್ಚು ಭಾರ, ಒಳಸುತ್ತಿನದರ ಮೇಲೆ ಕಡಿಮೆ. ಹಾಗಾಗಿ ಎರಡು ಬುರುಜುಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗುತ್ತದೆ. ಆ ಅಂತರ ಬದಲಾಗದಂತೆ ಹಿಡಿಯುವುದೇ ಸ್ಟ್ರಟ್ ಬಾರಿನ ಕೆಲಸ.

ಇಲ್ಲಿ ಒಂದು ಸೂಕ್ಷ್ಮವಿದೆ. ಎರಡೂ ಬುರುಜುಗಳು ಒಟ್ಟಾಗಿ ಒಂದೇ ಕಡೆಗೆ ವಾಲಿದರೆ ನಡುವಿನ ಬಾರ್ ಅವುಗಳ ಜೊತೆಗೆ ತಾನೂ ಸರಿಯುತ್ತದೆ, ಅಷ್ಟೇ. ಗಣೇಶನ ಹಬ್ಬಕ್ಕೆ ಪೆಂಡಾಲ್ ಹಾಕುವವರನ್ನು ನೋಡಿ. ಎರಡು ಗಳುಗಳ ತಲೆಗೆ ಅಡ್ಡಗಳು ಕಟ್ಟಿದರೆ ಚೌಕಟ್ಟು ಗಾಳಿಗೆ ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಓರೆಗಳು ಬಿಗಿದ ಮೇಲೆಯೇ ಅದು ನೆಟ್ಟಗೆ ನಿಲ್ಲುವುದು. ಕಾರಿನಲ್ಲಿಯೂ ಅದೇ ನ್ಯಾಯ. ಬುರುಜುಗಳನ್ನು ಎಂಜಿನ್ನಿನ ಹಿಂದಿನ ಗೋಡೆಗೂ ಸೇರಿಸಿ ತ್ರಿಕೋನ ಮಾಡುವ ಮೂರು ಬಿಂದುಗಳ ಬ್ರೇಸ್ ಮಾಡುವ ಕೆಲಸವನ್ನು ಒಂಟಿ ಬಾರ್ ಮಾಡಲಾರದು.

ಬಾರಿನ ಆಕಾರವೂ ಮುಖ್ಯ. ಬುರುಜಿನಿಂದ ಬುರುಜಿಗೆ ನೇರವಾಗಿ ಹೋಗುವ ಕೊಳವೆ ಎಳೆತಕ್ಕೂ ಒತ್ತಡಕ್ಕೂ ಬಗ್ಗದೆ ನಿಲ್ಲುತ್ತದೆ. ಆದರೆ ಎಂಜಿನ್ ಅಡ್ಡ ಬರುವ ಕಾರಣ ಹಲವು ಬಾರುಗಳು ಕಮಾನಿನಂತೆ ಬಾಗಿರುತ್ತವೆ. ಒಂದು ಮೀಟರ್ ಉದ್ದದ, 25 ಮಿಲಿಮೀಟರ್ ದಪ್ಪದ, 2 ಮಿಲಿಮೀಟರ್ ಗೋಡೆಯ ಉಕ್ಕಿನ ಕೊಳವೆಯನ್ನು ನಡುವಿನಲ್ಲಿ 50 ಮಿಲಿಮೀಟರ್ ಮೇಲೇಳುವಂತೆ ಕಮಾನಾಗಿಸಿ, ತುದಿಗಳನ್ನು ಕೀಲಿನಂತೆ ಕೂಡಿಸಿ ಲೆಕ್ಕ ಹಾಕಿದರೆ, ಅದರ ಬಿಗಿ ನೇರ ಕೊಳವೆಯ ಬಿಗಿಯ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತುದಿಗಳನ್ನು ಭದ್ರವಾಗಿ ಬೆಸೆದರೆ ಇಷ್ಟು ನಷ್ಟವಿಲ್ಲ, ಆದರೂ ನಷ್ಟ ನಷ್ಟವೇ. ಇನ್ನು ಮಿರುಗುವ ಅಲ್ಯೂಮಿನಿಯಂ ಬಾರು. ಅಲ್ಯೂಮಿನಿಯಂ ಉಕ್ಕಿಗಿಂತ ಮೂರು ಪಟ್ಟು ಹಗುರ, ನಿಜ. ಅದರ ಬಿಗಿಯೂ ಮೂರರಲ್ಲಿ ಒಂದು ಪಾಲೇ. ಅದೇ ಅಳತೆಯ ಕೊಳವೆಯಾದರೆ ನೀವು ಕೊಂಡದ್ದು ಹಗುರವನ್ನೇ ಹೊರತು ಗಟ್ಟಿತನವನ್ನಲ್ಲ. ಬಣ್ಣ ಹಚ್ಚಿದ, ಹೆಸರು ಕೆತ್ತಿದ ಬಾರ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಹೊಳಪನ್ನಲ್ಲ, ಡೊಂಕನ್ನು.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಬಿಡೋಣ. ಆಂಟಿ ರೋಲ್ ಬಾರ್ ಬೇರೆ, ಬ್ರೇಸ್ ಬೇರೆ. ಮೊದಲನೆಯದು ಎಡಬಲದ ಚಕ್ರಗಳನ್ನು ಜೋಡಿಸುವ ಸ್ಪ್ರಿಂಗು. ಅದು ತಿರುಚಿಕೊಳ್ಳಲೆಂದೇ ಇರುವುದು. ಅದನ್ನು ಬದಲಿಸಿದರೆ ಕಾರಿನ ನಡತೆಯೇ ಬದಲಾಗುತ್ತದೆ. ಹಿಂದಕ್ಕೆ ದಪ್ಪನೆಯದನ್ನು ಹಾಕಿದರೆ ಮಳೆಯಲ್ಲಿ ಕಾರಿನ ಬಾಲ ಜಾರುವ ಅಪಾಯವೂ ಹೆಚ್ಚುತ್ತದೆ. ಬ್ರೇಸ್ ತಿರುಚಿಕೊಳ್ಳಬಾರದ ವಸ್ತು. ಒಂದರ ಗುಣವನ್ನು ಇನ್ನೊಂದರಲ್ಲಿ ನಿರೀಕ್ಷಿಸಿ ದುಡ್ಡು ಸುರಿಯುವುದು ಬೇಡ.

ಒಂದಿಷ್ಟು ಲೆಕ್ಕ

ಕಾರು ತಿರುವಿನಲ್ಲಿ ವಾಲುವಾಗ ಎಲ್ಲಿ ಎಷ್ಟು ಬಗ್ಗುತ್ತದೆ? ಮೂರು ಸ್ಪ್ರಿಂಗುಗಳನ್ನು ಒಂದರ ತುದಿಗೆ ಒಂದು ಕೊಕ್ಕೆ ಹಾಕಿ ಜಗ್ಗುವುದನ್ನು ಕಲ್ಪಿಸಿಕೊಳ್ಳಿ. ಒಂದು ಮುಂದಿನ ಸಸ್ಪೆನ್ಷನ್, ಒಂದು ಹಿಂದಿನದು, ನಡುವೆ ಕಾರಿನ ಮೈ. ಮೆದುವಾದ ಸ್ಪ್ರಿಂಗು ಹೆಚ್ಚು ಹಿಗ್ಗುತ್ತದೆ, ಗಟ್ಟಿಯಾದದ್ದು ಕಡಿಮೆ.

ಲೆಕ್ಕಕ್ಕೆಂದು ಅಂಕಿಗಳನ್ನು ಹಿಡಿಯೋಣ. ಸಾಮಾನ್ಯ ರಸ್ತೆಯ ಕಾರಿನ ಮುಂದಿನ, ಹಿಂದಿನ ಸಸ್ಪೆನ್ಷನ್ನುಗಳನ್ನು ಒಂದು ಡಿಗ್ರಿ ವಾಲಿಸಲು ತಲಾ 800 ನ್ಯೂಟನ್ ಮೀಟರ್ ಬೇಕು ಎನ್ನಿ. ಮೈಯನ್ನು ಒಂದು ಡಿಗ್ರಿ ತಿರುಚಲು 15,000 ನ್ಯೂಟನ್ ಮೀಟರ್ ಬೇಕು ಎನ್ನಿ. ಹೀಗಿದ್ದರೆ ಒಟ್ಟು ಬಾಗುವಿಕೆಯ ನೂರು ಪಾಲಿನಲ್ಲಿ ಮೈಯ ಪಾಲು ಬರೀ 2.6. ಬ್ರೇಸ್ ಹಾಕಿಸಿ ಮೈಯ ಗಟ್ಟಿತನವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದಿರಿ ಎನ್ನೋಣ. ಒಂದು ಬಾರಿನಿಂದ ಅಷ್ಟು ಸಿಕ್ಕರೆ ಅದೇ ದೊಡ್ಡ ಮಾತು. ಆಗಲೂ ಆ 2.6 ಇಳಿಯುವುದು 2.4ಕ್ಕೆ. ಗಡಿಯಾರ ಹಿಡಿದು ಅಳೆಯುವವರಿಗೂ ಈ ವ್ಯತ್ಯಾಸ ಸಿಕ್ಕುವುದು ಕಷ್ಟ.

ಈಗ ಅದೇ ಕಾರಿಗೆ ರೇಸಿನ ಸ್ಪ್ರಿಂಗು ಹಾಕಿ ಸಸ್ಪೆನ್ಷನ್ನನ್ನು ನಾಲ್ಕು ಪಟ್ಟು ಬಿಗಿ ಮಾಡಿ. ಆಗ ಮೈಯ ಪಾಲು ನೂರಕ್ಕೆ ಸುಮಾರು ಹತ್ತಕ್ಕೆ ಏರುತ್ತದೆ. ಸ್ಪ್ರಿಂಗು ಬಗ್ಗದಿದ್ದರೆ ಆ ಕೆಲಸವನ್ನು ಮೈ ಮಾಡಬೇಕಾಗುತ್ತದೆ. ಈಗ ಮೈಯನ್ನು ಬಲಪಡಿಸುವುದಕ್ಕೆ ಅರ್ಥವಿದೆ. ಈ ಚಿಕ್ಕ ಲೆಕ್ಕದಲ್ಲಿ ಒಂದು ದೊಡ್ಡ ಸೂತ್ರ ಅಡಗಿದೆ: ಅಡ್ಡಪಟ್ಟಿ ಬೇಕೆ ಬೇಡವೆ ಎಂಬುದನ್ನು ಎಂಜಿನ್ನಿನ ಅಶ್ವಶಕ್ತಿ ನಿರ್ಧರಿಸುವುದಿಲ್ಲ. ನಿಮ್ಮ ಸ್ಪ್ರಿಂಗು, ಟೈರುಗಳು ನಿರ್ಧರಿಸುತ್ತವೆ.

ಹಾಗಾದರೆ ಅನುಭವ ಸುಳ್ಳೆ?

ಬಾರ್ ಹಾಕಿಸಿದವರು "ಸ್ಟೀರಿಂಗ್ ಚುರುಕಾಯಿತು, ಕಾರು ಒಂದೇ ತುಂಡಿನಂತಾಯಿತು" ಎನ್ನುತ್ತಾರೆ. ಅವರೆಲ್ಲ ಭ್ರಮೆಯಲ್ಲಿದ್ದಾರೆ ಎನ್ನಲಾಗದು. ಮೇಲಿನ ಲೆಕ್ಕ ಹೇಳುವುದು ಇಡೀ ಮೈಯ ತಿರುಚುವಿಕೆಯ ಮಾತು. ಕೈಗೆ ತಿಳಿಯುವುದು ಇನ್ನೊಂದು: ನಡುಕ. ಗುಂಡಿಯಲ್ಲಿ ಚಕ್ರ ಬಿದ್ದಾಗ ತಗಡು ಒಂದು ಕ್ಷಣ ನಡುಗಿ ಆ ನಡುಕ ಸ್ಟೀರಿಂಗಿಗೂ ಸೀಟಿಗೂ ಬರುತ್ತದೆ. ಬುರುಜಿನ ಸುತ್ತಲಿನ ತಗಡನ್ನು ಬಿಗಿ ಹಿಡಿದರೆ ನಡುಕದ ಲಯವೇ ಬದಲಾಗುತ್ತದೆ. ಜಪಾನಿನ ಯಮಹಾ ಕಂಪನಿ 2001ರಿಂದ ತಯಾರಿಸುತ್ತಿರುವ ಒಂದು ಸಾಧನ ಇದನ್ನೇ ನೆಚ್ಚಿಕೊಂಡಿದೆ. ನೋಡಲು ಬ್ರೇಸಿನಂತೆಯೇ ಇದ್ದರೂ ಅದರೊಳಗೆ ಪುಟ್ಟ ಶಾಕ್ ಅಬ್ಸಾರ್ಬರ್ ಇದೆ. ಅದು ಮೈಯನ್ನು ಬಿಗಿಯುವ ಬದಲು ನಡುಕವನ್ನು ನುಂಗುತ್ತದೆ.

ಆದರೆ ಕೈಗೆ ಚುರುಕು ಎನಿಸುವುದೂ ಟೈರು ರಸ್ತೆಯನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುವುದೂ ಒಂದೇ ಅಲ್ಲ. ಅಪಾಯವಿರುವುದು ಇಲ್ಲಿಯೇ. ಕಾರು ಬಿಗಿಯಾಯಿತು ಎಂಬ ಧೈರ್ಯದಲ್ಲಿ ಚಾಲಕ ತಿರುವಿಗೆ ಐದು ಕಿಲೋಮೀಟರ್ ಹೆಚ್ಚು ವೇಗದಲ್ಲಿ ನುಗ್ಗುತ್ತಾನೆ. ಟೈರಿನ ಮಿತಿ ಮಾತ್ರ ಇದ್ದಲ್ಲೇ ಇದೆ. ಸಂಜೆಯ ಮೊದಲ ಮಳೆ ಬಿದ್ದು ರಸ್ತೆಯ ಎಣ್ಣೆ ಜಿಡ್ಡು ಮೇಲೆದ್ದಾಗ ಬನ್ನೇರುಘಟ್ಟ ರಸ್ತೆಯಲ್ಲಿ ಕಾರನ್ನು ಹಿಡಿದಿಡುವುದು ನಾಲ್ಕು ಅಂಗೈ ಅಗಲದ ರಬ್ಬರು. ಬಾನೆಟ್ಟಿನ ಕೆಳಗಿನ ಬಾರ್ ಅಲ್ಲ.

ಹಂಪಿನ ಊರಿನಲ್ಲಿ

ಹೊಟ್ಟೆಯ ಕೆಳಗೆ ಕೂಡಿಸುವ ಬ್ರೇಸಿನ ವಿಷಯದಲ್ಲಿ ನಮ್ಮ ಬಡಾವಣೆಗಳದೇ ಒಂದು ತಕರಾರು ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಹಂಪ್ ಎಂದರೆ 3.7 ಮೀಟರ್ ಅಗಲಕ್ಕೆ ಹರಡಿ, ನಡುವೆ 10 ಸೆಂಟಿಮೀಟರ್ ಮಾತ್ರ ಎತ್ತರವಿರುವ ನಯವಾದ ಉಬ್ಬು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದನ್ನು ಸಲೀಸಾಗಿ ದಾಟಬಹುದು. ಜೆ.ಪಿ. ನಗರದ ಅಡ್ಡರಸ್ತೆಗಳಲ್ಲೋ ಬನಶಂಕರಿ ಎರಡನೇ ಹಂತದ ಇಳಿಜಾರುಗಳಲ್ಲೋ ಓಡಾಡುವವರಿಗೆ ಇಂಥ ಹಂಪ್ ಕಂಡ ನೆನಪು ಕಡಿಮೆಯೇ ಇರಬೇಕು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ರಾತ್ರೋರಾತ್ರಿ ಎದ್ದ ಕಡಿದಾದ ದಿಬ್ಬ.

ಗಿಡ್ಡ ಸ್ಪ್ರಿಂಗು ಹಾಕಿಸಿದ ಕಾರಿನ ಹೊಟ್ಟೆ ಮೊದಲೇ ಇಳಿದಿರುತ್ತದೆ. ನಾಲ್ಕು ಜನ ಕೂತರೆ ಇನ್ನಷ್ಟು. ಅದರ ಕೆಳಗೆ ಎರಡು ಸೆಂಟಿಮೀಟರಿನಷ್ಟು ಇಳಿಬೀಳುವ ಬ್ರೇಸ್ ಕೂಡಿಸಿದರೆ ಅದೇ ಮೊದಲು ಹಂಪಿಗೆ ಬಡಿಯುತ್ತದೆ. ಬಡಿತದ ಪೆಟ್ಟು ಬೀಳುವುದು ಬ್ರೇಸಿಗಷ್ಟೇ ಅಲ್ಲ. ಅದನ್ನು ಹಿಡಿದಿರುವ ಬೋಲ್ಟುಗಳಿಗೆ, ಆ ಬೋಲ್ಟುಗಳು ಕೂತಿರುವ ಸಬ್‌ಫ್ರೇಮಿಗೆ. ಸಸ್ಪೆನ್ಷನ್ನಿನ ಕೈಗಳು ಹೊರಡುವುದು ಅಲ್ಲಿಂದಲೇ. ಬಲಪಡಿಸಲು ಹಾಕಿದ್ದೇ ಅಲೈನ್‌ಮೆಂಟ್ ಕೆಡಿಸುವ ಸನ್ನೆಗೋಲಾಗಬಹುದು. ದಿನವೂ ಇದೇ ರಸ್ತೆಗಳಲ್ಲಿ ಕಚೇರಿಗೆ ಹೋಗುವ ಕಾರಿಗೆ ಹೊಟ್ಟೆಯ ಕೆಳಗಿನ ಬ್ರೇಸ್ ಬೇಡವೆನ್ನಲು ಇಷ್ಟೇ ಕಾರಣ ಸಾಕು.

ಮೊದಲು ಯಾವುದು?

ಮೈ ಬಳುಕುತ್ತಿದೆ ಎಂದು ಅನಿಸಿದಾಗ ನಿಜವಾಗಿ ಬಳುಕುತ್ತಿರುವುದು ಬಹಳ ಸಲ ರಬ್ಬರು. ಲೋಯರ್ ಆರ್ಮಿನ ಬುಷ್, ಶಾಕ್ ಅಬ್ಸಾರ್ಬರಿನ ತಲೆಯ ಮೌಂಟ್, ಲಿಂಕ್ ರಾಡ್, ಬಾಲ್ ಜಾಯಿಂಟ್, ಎಂಜಿನ್ ಮೌಂಟ್ ಇವೆಲ್ಲ ಗುಂಡಿಬಿದ್ದ ರಸ್ತೆಗಳಲ್ಲಿ ಸವೆಯುವ ಭಾಗಗಳು. ಬುಷ್ಷಿನ ರಬ್ಬರು ಬಿರುಕು ಬಿಟ್ಟಾಗ ಬ್ರೇಕ್ ಒತ್ತಿದರೆ ಚಕ್ರ ಕೆಲವು ಮಿಲಿಮೀಟರ್ ಹಿಂದುಮುಂದೆ ಸರಿಯುತ್ತದೆ. ಬುರುಜುಗಳ ಸರಿದಾಟ ಅದರ ಮುಂದೆ ಏನೂ ಅಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಟೈರು: ಸವೆತ, ಗಾಳಿಯ ಒತ್ತಡ, ವಯಸ್ಸು. ಟೈರಿನ ಪಕ್ಕೆಯಲ್ಲಿ ಅಚ್ಚೊತ್ತಿರುವ ನಾಲ್ಕಂಕಿಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಎರಡನೆಯದು ಬುಷ್, ಮೌಂಟುಗಳು. ಮೂರನೆಯದು ಶಾಕ್ ಅಬ್ಸಾರ್ಬರು. ನಾಲ್ಕನೆಯದು ಅಲೈನ್‌ಮೆಂಟ್. ಈ ನಾಲ್ಕೂ ಸರಿಯಾದ ಮೇಲೆ ಒಂದು ತಿಂಗಳು ಕಾರು ಓಡಿಸಿ. ಅಡ್ಡಪಟ್ಟಿಯ ಆಸೆ ಆಮೇಲೂ ಉಳಿದಿದ್ದರೆ ಮುಂದಿನ ಮಾತು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಬ್ರೇಸ್ ಕೇಳಿಕೊಂಡು ಹೋದವರು ಬುಷ್ ಸೆಟ್ ಹಿಡಿದು ಮರಳಿದರೆ ಅದರಲ್ಲಿ ಸೋಲೇನೂ ಇಲ್ಲ.

ಕೊಳ್ಳುವ ಮುನ್ನ ಮೂರು ಪರೀಕ್ಷೆ

ಒಂದು, ಉಂಗುರದ ಪರೀಕ್ಷೆ. ಒಂದು ಬುರುಜಿಗೆ ತೆಳು ಸರಳಿನ ತುದಿಯನ್ನು ಭದ್ರವಾಗಿ ಕಟ್ಟಿ. ಇನ್ನೊಂದು ಬುರುಜಿಗೆ ಚಿಕ್ಕ ಕೊಳವೆ ಕಟ್ಟಿ ಸರಳಿನ ಇನ್ನೊಂದು ತುದಿ ಅದರೊಳಗೆ ಸಲೀಸಾಗಿ ಜಾರುವಂತೆ ಮಾಡಿ. ಕೊಳವೆಯ ಬಾಯಿಗೆ ತಾಗುವಂತೆ ಸರಳಿಗೊಂದು ಬಿಗಿಯಾದ ರಬ್ಬರ್ ಉಂಗುರ ತೊಡಿಸಿ. ಬೆಲ್ಟು, ಫ್ಯಾನು, ಬ್ಯಾಟರಿಗಳಿಂದ ಎಲ್ಲವೂ ದೂರವಿರಲಿ. ಎಂದಿನ ದಾರಿಯಲ್ಲಿ ಕಾರು ಓಡಿಸಿ ಬಂದು ನೋಡಿ. ಬುರುಜುಗಳು ಹತ್ತಿರ ಬಂದಾಗಲೆಲ್ಲ ಕೊಳವೆ ಉಂಗುರವನ್ನು ಹಿಂದಕ್ಕೆ ತಳ್ಳಿರುತ್ತದೆ. ಉಂಗುರ ಸರಿದ ದೂರವೇ ಒಂಟಿ ಬಾರ್ ತಡೆಯಬಲ್ಲ ದೂರ. ಅಲ್ಲಿ ಕಣ್ಣಿಗೆ ಕಾಣುವಷ್ಟು ಏನೂ ಇಲ್ಲದಿದ್ದರೆ ಬಾರಿಗೆ ಮಾಡಲು ಕೆಲಸವೂ ಇಲ್ಲ.

ಎರಡು, ಜಾಕಿನ ಪರೀಕ್ಷೆ. ಸಮನೆಲದಲ್ಲಿ ಕಾರು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಮೂಲೆಯನ್ನು ಚಕ್ರ ನೆಲ ಬಿಡುವಷ್ಟು ಎತ್ತಿ. ಕಾರಿನ ಕೆಳಗೆ ಯಾರೂ ಹೋಗಕೂಡದು. ಈಗ ಬಾಗಿಲುಗಳನ್ನು ತೆಗೆದು ಹಾಕಿ ನೋಡಿ. ಸಲೀಸಾಗಿ ಕೂತರೆ ಮೈ ಸದೃಢ. ಬಾಗಿಲು ಉಜ್ಜಿದರೆ, ಬೀಗ ಸೇರದಿದ್ದರೆ, ಅದು ಅಡ್ಡಪಟ್ಟಿಯಿಂದ ಗುಣವಾಗುವ ಕಾಯಿಲೆಯಲ್ಲ. ಹಿಂದೆ ಅಪಘಾತವಾಗಿದೆಯೇ, ತುಕ್ಕು ಹಿಡಿದಿದೆಯೇ ಎಂದು ಬಾಡಿ ಕೆಲಸ ಬಲ್ಲವರಿಗೆ ತೋರಿಸಬೇಕು. ಕಡಲ ಕರೆಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತು ಬೆಂಗಳೂರಿಗೆ ಮಾರಾಟವಾಗಿ ಬಂದ ಹಳೆಯ ಕಾರಿಗೆ ಈ ಪರೀಕ್ಷೆ ಬೇಕೇಬೇಕು. ತುಕ್ಕು ತಿಂದ ಬುರುಜಿಗೆ ಬಾರ್ ಬಿಗಿಯುವುದು ಗೆದ್ದಲು ಹಿಡಿದ ತೊಲೆಗೆ ಉಯ್ಯಾಲೆ ಕಟ್ಟಿದಂತೆ.

ಮೂರು, ಗುಟ್ಟಿನ ಪರೀಕ್ಷೆ. ಗೆಳೆಯನೊಬ್ಬನ ಕಾರಿನ ಬಾರ್ ಅನ್ನು ಒಂದು ದಿನಕ್ಕೆ ಎರವಲು ತನ್ನಿ. ನಿಮಗೆ ಕಾಣದಂತೆ ಅವನು ಅದನ್ನು ಕೂಡಿಸಲಿ ಅಥವಾ ಬಿಚ್ಚಿಡಲಿ. ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹತ್ತು ಸಲ ಹೋಗಿಬಂದು, ಪ್ರತಿ ಸಲವೂ ಬಾರ್ ಇದೆಯೋ ಇಲ್ಲವೋ ಹೇಳಿ. ಬರೀ ಊಹೆಯಿಂದ ಎಂಟು ಅಥವಾ ಹೆಚ್ಚು ಸಲ ಸರಿಯಾಗುವ ಸಂಭವ ನೂರಕ್ಕೆ ಐದೂವರೆಯಷ್ಟೇ. ಎಂಟು ಸಲ ಸರಿ ಹೇಳಿದರೆ ನಿಮ್ಮ ಕೈ ನಿಜವಾಗಿಯೂ ಅದನ್ನು ಗುರುತಿಸುತ್ತಿದೆ ಎನ್ನಬಹುದು. ಐದಾರಕ್ಕೆ ನಿಂತರೆ ಬಾರನ್ನು ವಂದನೆಯೊಡನೆ ಗೆಳೆಯನಿಗೆ ಮರಳಿಸುವುದು ಲೇಸು.

ಹಾಕಿಸುವುದೇ ಎಂದಾದರೆ ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ಸಮನೆಲದಲ್ಲಿ ನಿಂತಿರುವಾಗಲೇ ಬಾರ್ ಬಿಗಿಯಬೇಕು. ಜಾಕಿನ ಮೇಲೆ ತೂಗುತ್ತಿರುವ ಕಾರಿಗೆ ಬಿಗಿದರೆ ಬುರುಜುಗಳನ್ನು ಓರೆಯಾದ ಸ್ಥಿತಿಯಲ್ಲೇ ಕಟ್ಟಿಹಾಕಿದಂತಾಗುತ್ತದೆ. ನಟ್ಟುಗಳಿಗೆ ಕಂಪನಿ ಹೇಳಿದ ಬಿಗಿಯನ್ನು ಟಾರ್ಕ್ ಸ್ಪ್ಯಾನರಿನಿಂದಲೇ ಕೊಡಬೇಕು. ಆಮೇಲೆ ಅಲೈನ್‌ಮೆಂಟ್ ಮತ್ತೊಮ್ಮೆ ನೋಡಿಸಬೇಕು.

ಗಟ್ಟಿ ಎಂದರೆ ಸುರಕ್ಷಿತವಲ್ಲ

"ಇನ್ನಷ್ಟು ಗಟ್ಟಿಯಾದರೆ ಅಪಘಾತದಲ್ಲಿ ಒಳ್ಳೆಯದಲ್ಲವೆ?" ಎಂದು ಮನೆಯವರು ಕೇಳುವುದುಂಟು. ಇದೊಂದು ಅಪಾಯದ ತಪ್ಪು ತಿಳಿವಳಿಕೆ. ಕಾರಿನ ಮೂತಿಯನ್ನು ಮುದುಡಲೆಂದೇ ಮಾಡಿರುತ್ತಾರೆ. ಅದು ಕ್ರಮವಾಗಿ ಕುಸಿಯುತ್ತ ಪೆಟ್ಟನ್ನು ನುಂಗಿಕೊಂಡರೆ ಮಾತ್ರ ಒಳಗೆ ಕೂತವರ ಎದೆ, ತಲೆಗಳಿಗೆ ಬೀಳುವ ಹೊಡೆತ ತಗ್ಗುತ್ತದೆ. ಗಟ್ಟಿಯಾಗಿ ಉಳಿಯಬೇಕಾದದ್ದು ಜನ ಕೂರುವ ಗೂಡು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಪೋಲೋದ ಗೂಡು ಸ್ಥಿರವಾಗಿ ನಿಂತಿತು. ಆದರೂ ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸಿಕ್ಕಿದ್ದು ಸೊನ್ನೆ; ಎರಡು ಏರ್‌ಬ್ಯಾಗ್ ಇದ್ದ ಅದೇ ಕಾರಿಗೆ ನಾಲ್ಕು ನಕ್ಷತ್ರ. ಮೈ ಗಟ್ಟಿಯಿದ್ದರಷ್ಟೇ ಜೀವ ಉಳಿಯದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ಸ್ಟ್ರಟ್ ಬಾರ್ ಇದ್ದಾಗ ಒಂದು ಬುರುಜಿಗೆ ಬಿದ್ದ ಪೆಟ್ಟು ಅದರ ಮೂಲಕ ಇನ್ನೊಂದಕ್ಕೂ ಹರಿಯಬಹುದು. ಒಂದು ಕಡೆಯ ರಿಪೇರಿ ಎರಡು ಕಡೆಯದಾಗಬಹುದು. ಬಾನೆಟ್ಟಿಗೆ ತೀರ ಹತ್ತಿರವಿರುವ ಬಾರು, ಪಾದಚಾರಿಯ ತಲೆ ಬಡಿದಾಗ ಬಾನೆಟ್ ತಗ್ಗಲು ಬೇಕಾದ ಜಾಗವನ್ನೂ ಕಸಿಯುತ್ತದೆ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ನಕ್ಷತ್ರಗಳೂ ಬಂದಿವೆ. ಆ ನಕ್ಷತ್ರಗಳು ಸಲ್ಲುವುದು ಕಂಪನಿಯಿಂದ ಹೊರಬಂದ ಕಾರಿಗೆ, ನೀವು ಬದಲಿಸಿದ ಕಾರಿಗಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಬದಲಾವಣೆ ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಮಾರ್ಪಾಡು ಎಂದು ಕಾಯ್ದೆಯೇ ವಿವರಿಸುತ್ತದೆ. ಬೋಲ್ಟು ಬಿಚ್ಚಿ ತೆಗೆಯಬಹುದಾದ ಬಾರು ಆ ಮಾತಿಗೆ ಸಿಕ್ಕುವುದು ಕಷ್ಟ. ಆದರೆ ತಗಡು ಕೊಯ್ದು, ಕೊಳವೆ ಬೆಸೆದು ಮಾಡಿದ ಕೆಲಸಕ್ಕೆ ಆ ವಾದ ನಿಲ್ಲಲಾರದು. ಏನೇ ಹಾಕಿಸಿದರೂ ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ ಉತ್ತರವನ್ನು ಕಡತದಲ್ಲಿಟ್ಟುಕೊಳ್ಳುವುದು ಜಾಣತನ. ಕ್ಲೇಮಿನ ದಿನ ಹೊಳೆಯುವ ಬಾರಿಗಿಂತ ಆ ಒಂದು ಹಾಳೆ ಹೆಚ್ಚು ಬಲ ಕೊಡುತ್ತದೆ.

ಯಾರಿಗೆ ಬೇಕು?

ಬೇಕಾದವರೂ ಇದ್ದಾರೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕಿಗೋ ಕೊಯಮತ್ತೂರಿನ ಕಾರಿ ಸ್ಪೀಡ್‌ವೇಗೋ ಕಾರು ಒಯ್ದು, ಬಿಗಿ ಸ್ಪ್ರಿಂಗಿನಲ್ಲಿ, ಹಿಡಿತದ ಟೈರಿನಲ್ಲಿ ಸುತ್ತು ಹಾಕುವವರಿಗೆ ಬ್ರೇಸ್ ನಿಜಕ್ಕೂ ಪ್ರಯೋಜನ ಕೊಡುತ್ತದೆ. 2010ರಲ್ಲಿ ಭಾರತದಲ್ಲಿ ಆರಂಭವಾದ ಪೋಲೋ ಕಪ್ ರೇಸಿನ ಕಾರುಗಳ ಒಳಗೆ ಬೆಸೆದ ಕೊಳವೆಗಳ ಪಂಜರವೇ ಇತ್ತು. ಬೆಂಗಳೂರಿನ ಹಳೆಯ ಹೆಮ್ಮೆಯಾದ ಕೆ-1000 ರ್‍ಯಾಲಿಗೆ ಸಜ್ಜಾಗುವ ಕಾರುಗಳಿಗೂ ಪಂಜರವೇ ಬೆನ್ನೆಲುಬು. ಆದರೆ ಪಂಜರದೊಳಗೆ ಕೂರುವವನು ತಲೆಗೆ ಹೆಲ್ಮೆಟ್ ತೊಟ್ಟು, ಮೈಗೆ ಐದಾರು ಕಡೆಯಿಂದ ಪಟ್ಟಿ ಬಿಗಿದುಕೊಂಡಿರುತ್ತಾನೆ. ಅದನ್ನೇ ರಸ್ತೆಯ ಕಾರಿಗೆ ಹಾಕಿಸಿ ಬರೀ ತಲೆಯಲ್ಲಿ ಕೂತರೆ ಚಿಕ್ಕ ಡಿಕ್ಕಿಯಲ್ಲೂ ಉಕ್ಕಿನ ಕೊಳವೆಯೇ ತಲೆಗೆ ಮೊದಲ ಶತ್ರು.

ಉಳಿದವರಿಗೆ ಉತ್ತರ ಸರಳ. ವಾರದ ಐದು ದಿನ ಸೌತ್ ಎಂಡ್ ಸರ್ಕಲ್ಲಿನಿಂದ ಸಿಲ್ಕ್ ಬೋರ್ಡಿನವರೆಗೆ ತೆವಳಿ, ಆರನೆಯ ದಿನ ಮನೆಮಂದಿಯನ್ನು ಕೂರಿಸಿಕೊಂಡು ಊರಿಗೆ ಹೋಗುವ ಕಾರಿಗೆ ಅಡ್ಡಪಟ್ಟಿ ಬೇಡ. ಸ್ಪ್ರಿಂಗು ಕಂಪನಿಯದೇ ಆಗಿದ್ದರೆ ಬೇಡ. ಟೈರಿನ ವಯಸ್ಸು ಐದು ದಾಟಿದ್ದರೆ ಸದ್ಯಕ್ಕಂತೂ ಬೇಡ. ಎಲ್ಲವೂ ಸರಿಯಿದ್ದು, ಉಂಗುರ ಸರಿದು, ಕೈ ಎಂಟು ಸಲ ಗುರುತಿಸಿ, ವಿಮೆಯವರು ಒಪ್ಪಿದರೆ, ಬಾನೆಟ್ಟಿನ ಕೆಳಗೆ ನೇರವಾದ ಒಂದು ಉಕ್ಕಿನ ಬಾರ್ ಹಾಕಿಸಿಕೊಳ್ಳಿ, ಸಂತೋಷ. ಅದರಿಂದ ಕಾರಿನ ಮಾತು ಕೈಗೆ ಇನ್ನಷ್ಟು ಸ್ಪಷ್ಟವಾಗಿ ಕೇಳಿಸೀತು.

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ನಮ್ಮದು. ನಮ್ಮ ರಸ್ತೆಗಳ ನೆಲ ನಿಜಕ್ಕೂ ಡೊಂಕೇ ಆಗಿರುವುದರಿಂದ ಗಾದೆ ಇಲ್ಲಿ ಪೂರ್ತಿ ಒಗ್ಗುವುದಿಲ್ಲ. ಆದರೂ ತಿರುವಿನಲ್ಲಿ ಕಾರು ತಪ್ಪುವುದು ಮೈ ಬಳುಕಿದ್ದರಿಂದಲ್ಲ. ಬಹುಪಾಲು ವೇಗ ಹೆಚ್ಚಾಗಿ, ಟೈರು ಸವೆದು, ಬ್ರೇಕ್ ತಡವಾಗಿ. ಅಡ್ಡಪಟ್ಟಿಗೆಂದು ಎತ್ತಿಟ್ಟ ಹಣ ಕೈಯಲ್ಲಿದ್ದರೆ ಈ ವಾರ ಟೈರಿನ ಪಕ್ಕೆಯ ಆ ನಾಲ್ಕಂಕಿಯನ್ನು ಓದಿ ನೋಡಿ. ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಅದೇ ಹೇಳುತ್ತದೆ.